ಫ್ರೆಂಚ್ ನಾಟ್: ಬಟ್ಟೆಯ ಮೇಲೆ ಗಂಟು ಕೂರಿಸುವ ಬಗೆ

ಕೈಕಸೂತಿಯ ಹೆಚ್ಚಿನ ಹೊಲಿಗೆಗಳು ಬಟ್ಟೆಗೆ ಅಂಟಿಕೊಂಡು ಮಲಗಿರುತ್ತವೆ. ರನ್ನಿಂಗ್ ಸ್ಟಿಚ್ ಗೆರೆ ಎಳೆಯುತ್ತದೆ, ಸ್ಯಾಟಿನ್ ಸ್ಟಿಚ್ ಜಾಗ ತುಂಬುತ್ತದೆ, ಚೈನ್ ಸ್ಟಿಚ್ ಎರಡನ್ನೂ ಮಾಡುತ್ತದೆ. ಫ್ರೆಂಚ್ ನಾಟ್ ಹಾಗಲ್ಲ, ಅದು ಬಟ್ಟೆಯಿಂದ ಮೇಲೆದ್ದು ನಿಲ್ಲುತ್ತದೆ. ಮಣಿಯಂತೆ ದುಂಡಗಿರುವ ಒಂದು ಪುಟ್ಟ ಗಂಟು, ಅಷ್ಟೇ. ಆದರೆ ಅಂಥ ಗಂಟುಗಳನ್ನು ಒತ್ತೊತ್ತಾಗಿ ಕೂರಿಸಿದರೆ ಬಟ್ಟೆಗೆ ಮೈ ಬರುತ್ತದೆ, ಬೆರಳಾಡಿಸಿದಾಗ ಆ ಉಬ್ಬುತಗ್ಗು ಕೈಗೆ ಸಿಗುತ್ತದೆ. ಪಕ್ಕದಿಂದ ಬೆಳಕು ಬಿದ್ದಾಗ ಪ್ರತಿ ಗಂಟಿಗೂ ಅದರದೇ ನೆರಳು ಮೂಡುತ್ತದೆ. ಹೂವಿನ ನಡುವಿನ ಕೇಸರ, ಕುರಿಯ ಉಣ್ಣೆ, ದೂರದ ಮರದ ಎಲೆಗಳ ಗುಂಪು, ದಡದ ಮರಳು, ಪ್ರಾಣಿಯ ಕಣ್ಣು ಇವೆಲ್ಲಕ್ಕೂ ಈ ಒಂದೇ ಹೊಲಿಗೆ ಸಾಕು.

ಇದಕ್ಕೆ ಹೆದರುವವರು ಬಹಳ ಮಂದಿ. ಗಂಟು ಒಳಗೆ ಜಾರಿ ಮಾಯವಾಗುತ್ತದೆ, ಇಲ್ಲವೇ ಸಡಿಲವಾಗಿ ಕುಣಿಕೆಯಂತೆ ಮೇಲೆ ನಿಲ್ಲುತ್ತದೆ, ಅದೂ ಅಲ್ಲದಿದ್ದರೆ ಸೂಜಿ ಅರ್ಧದಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಹೀಗೆ ಎರಡು ಮೂರು ಸಲ ಆದ ಮೇಲೆ ಇದು ನನ್ನ ಕೈಗೆ ಬರುವಂಥದ್ದಲ್ಲ ಎಂದು ಬಿಟ್ಟುಬಿಡುತ್ತಾರೆ. ಕಾರಣ ಬಹುಪಾಲು ಒಂದೇ. ಕಲಿಯುವವರ ಗಮನವೆಲ್ಲ ಸೂಜಿ ಹಿಡಿದ ಕೈಯ ಮೇಲಿರುತ್ತದೆ. ನಿಜವಾಗಿ ಗಂಟು ಕಟ್ಟುವುದು ಇನ್ನೊಂದು ಕೈ, ಅಂದರೆ ದಾರ ಹಿಡಿದ ಕೈ. ಈ ಬರಹದಲ್ಲಿ ಬರುವ ಸೂಜಿ, ದಾರ, ರಿಂಗ್ (ನಡುವೆ ಬಟ್ಟೆ ಸಿಕ್ಕಿಸಿ ಬಿಗಿಯಾಗಿ ಹಿಡಿಯುವ ಜೋಡಿ ಬಳೆ), ಬೆರಳುಗಳ ವಿಚಾರವೆಲ್ಲ ಕೊನೆಗೆ ಆ ಕೈಗೆ ಅದರ ಕೆಲಸ ಸರಿಯಾಗಿ ಮಾಡಲು ಬಿಡುವುದಕ್ಕೇ.

ಬೇಕಾದ ಸಾಮಾನು

ಬಟ್ಟೆಯಿಂದ ಶುರು ಮಾಡೋಣ. ಕಲಿಯುವಾಗ ಒತ್ತಾದ ನೇಯ್ಗೆಯ ಹತ್ತಿ ಬಟ್ಟೆ ಅಥವಾ ಲಿನನ್ ಒಳ್ಳೆಯದು. ಎಳೆಗಳು ಒಂದಕ್ಕೊಂದು ಹತ್ತಿರವಿದ್ದಷ್ಟೂ ಗಂಟಿಗೆ ಕೂರಲು ಗಟ್ಟಿ ನೆಲ ಸಿಗುತ್ತದೆ. ನೇಯ್ಗೆ ಜಾಳಾಗಿದ್ದರೆ ಗಂಟು ಎಳೆಗಳ ನಡುವಿನ ಸಂದಿಗೆ ಇಳಿದುಹೋಗುತ್ತದೆ. ಟಿ-ಶರ್ಟಿನಂಥ ಹೆಣೆದ ಬಟ್ಟೆ ಎಳೆದತ್ತ ಹಿಗ್ಗುವುದರಿಂದ ಮೊದಲ ಪಾಠಕ್ಕೆ ಬೇಡ. ತೆಳು ಬಟ್ಟೆಯಲ್ಲೇ ಮಾಡಬೇಕೆಂದಿದ್ದರೆ ಹಿಂದೆ ಇನ್ನೊಂದು ತೆಳುವಾದ ಹತ್ತಿ ಬಟ್ಟೆ ಇಟ್ಟು ಎರಡನ್ನೂ ಒಟ್ಟಿಗೆ ರಿಂಗಿಗೆ ಹಾಕಿ. ಆಗ ಗಂಟಿಗೆ ಆಸರೆಯೂ ಸಿಗುತ್ತದೆ, ಹಿಂಬದಿಯ ದಾರ ಮುಂದಕ್ಕೆ ಕಾಣುವುದೂ ಕಡಿಮೆಯಾಗುತ್ತದೆ. ಮುಂದೆ ತೊಳೆದು ಬಳಸುವ ಬಟ್ಟೆಯಾದರೆ ಹೊಲಿಯುವ ಮೊದಲೇ ಒಮ್ಮೆ ತೊಳೆದು ಇಸ್ತ್ರಿ ಮಾಡಿಡಿ. ಕಸೂತಿಯೆಲ್ಲ ಮುಗಿದ ಮೇಲೆ ಬಟ್ಟೆ ಕುಗ್ಗಿದರೆ ಗಂಟುಗಳ ಸುತ್ತ ಸುಕ್ಕು ಬೀಳುತ್ತದೆ, ಅದನ್ನು ಯಾವ ಇಸ್ತ್ರಿಯೂ ಬಿಡಿಸಲಾರದು.

ದಾರಕ್ಕೆ ಸಾಮಾನ್ಯ ಕಸೂತಿ ದಾರವೇ ಸಾಕು. ಒಂದು ಲಡಿಯಲ್ಲಿ ಸಾಮಾನ್ಯವಾಗಿ 8 ಮೀಟರ್ ಇರುತ್ತದೆ ಮತ್ತು ಅದು 6 ಎಳೆಗಳು ಸೇರಿ ಆದದ್ದು. ಬೇಕಾದಷ್ಟು ಎಳೆ ಬಿಡಿಸಿಕೊಂಡು ಹೊಲಿಯಬಹುದು. 45 ಸೆಂಟಿಮೀಟರಿಗಿಂತ ಉದ್ದ ಕತ್ತರಿಸಬೇಡಿ. ಪ್ರತಿ ಗಂಟಿಗೂ ದಾರವಿಡೀ ಬಟ್ಟೆಯೊಳಗೆ ಹೋಗಿ ಬರಬೇಕು, ಆ ಉಜ್ಜಾಟಕ್ಕೆ ಉದ್ದ ದಾರದ ಮೈ ಬೇಗ ಜುಂಗಾಗುತ್ತದೆ. ಎಳೆಗಳನ್ನು ಬಿಡಿಸುವಾಗ ಎರಡು ಮೂರನ್ನು ಒಟ್ಟಿಗೆ ಎಳೆಯದೆ ಒಂದೊಂದನ್ನೇ ಮೇಲಕ್ಕೆ ಎಳೆದು ತೆಗೆಯಿರಿ, ಆಮೇಲೆ ಬೇಕಾದಷ್ಟನ್ನು ಜೋಡಿಸಿಕೊಳ್ಳಿ. ಇದು ಅನವಶ್ಯಕ ಶ್ರಮವೆನಿಸಬಹುದು. ಆದರೆ ಒಂದೊಂದಾಗಿ ತೆಗೆದು ಜೋಡಿಸಿದ ಎಳೆಗಳು ಹುರಿಗೊಳ್ಳದೆ ಅಕ್ಕಪಕ್ಕ ನೇರವಾಗಿ ನಿಲ್ಲುತ್ತವೆ, ಗಂಟು ತುಂಬಿಕೊಂಡು ಕಾಣುತ್ತದೆ.

ಇನ್ನು ಸೂಜಿ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿಯೇ ಹೇಳಬೇಕು, ಏಕೆಂದರೆ ಅರ್ಧ ತೊಂದರೆ ಇಲ್ಲಿಯೇ ಹುಟ್ಟುತ್ತದೆ. ಕಸೂತಿಗೆ ಮಾಮೂಲಾಗಿ ಬಳಸುವ ಕ್ರೂವೆಲ್ ಸೂಜಿಯ ಕಣ್ಣು ಅದರ ಮೈಗಿಂತ ದಪ್ಪ. ಹಲವು ಎಳೆ ಪೋಣಿಸಲು ಅದು ಅನುಕೂಲವೇ. ಗಂಟಿನ ಹೊತ್ತಿಗೆ ಮಾತ್ರ ಸುತ್ತಿದ ದಾರದ ನಡುವೆ ಆ ದಪ್ಪ ಕಣ್ಣು ಹಾದು ಹೋಗಬೇಕು. ಸುತ್ತು ಸ್ವಲ್ಪ ಬಿಗಿಯಾದರೂ ಅಲ್ಲಿ ಸಿಕ್ಕಿಬೀಳುತ್ತದೆ. ಮಿಲಿನರ್ಸ್ ಸೂಜಿ, ಅಥವಾ ಸ್ಟ್ರಾ ಸೂಜಿ ಎಂದು ಕೇಳಿದರೂ ಸಿಗುವುದು, ಇದಕ್ಕೆ ಹೇಳಿ ಮಾಡಿಸಿದ್ದು. ಉದ್ದವಾದ ಸಪೂರ ಸೂಜಿ, ಕಣ್ಣಿನ ಭಾಗವೂ ಮೈಯಷ್ಟೇ ತೆಳು. ಸುತ್ತುಗಳು ಅದರ ಮೇಲೆ ಎಲ್ಲೂ ತಡೆಯದೆ ಜಾರುತ್ತವೆ. ಒಂದು ಪೊಟ್ಟಣ ಕೊಂಡಿಡುವುದು ಖಂಡಿತ ಒಳ್ಳೆಯದು. ಅದು ಇಲ್ಲವೆಂದು ಕಲಿಕೆ ನಿಲ್ಲಿಸಬೇಕಾಗಿಲ್ಲ, ಕ್ರೂವೆಲ್ ಸೂಜಿಯಲ್ಲೂ ಚೆಂದದ ಗಂಟು ಬರುತ್ತದೆ, ಸುತ್ತನ್ನು ತುಸು ಹದವಾಗಿ ಹಿಡಿಯಬೇಕು ಅಷ್ಟೇ.

ಸೂಜಿಯ ನಂಬರು ಹೆಚ್ಚಿದಷ್ಟೂ ಸೂಜಿ ಸಣ್ಣ. ಕ್ರೂವೆಲ್ ಸೂಜಿಯಾದರೆ ಒಂದು ಎಳೆಗೆ 9 ಅಥವಾ 10, ಎರಡು ಮೂರು ಎಳೆಗೆ 7, ಆರೂ ಎಳೆಗೆ 3 ಅಥವಾ 4 ಸರಿಹೋಗುತ್ತದೆ. ತೀರಾ ದಪ್ಪ ಸೂಜಿ ಬಟ್ಟೆಯಲ್ಲಿ ದೊಡ್ಡ ತೂತು ಮಾಡುತ್ತದೆ, ಗಂಟು ಅದರೊಳಗೇ ಬಿದ್ದುಹೋಗುತ್ತದೆ. ತೀರಾ ಸಣ್ಣದಾದರೆ ದಾರ ಕಣ್ಣಿನಲ್ಲಿ ಒತ್ತಿ ಸವೆಯುತ್ತದೆ.

ರಿಂಗ್ ಇಲ್ಲದೆ ಈ ಹೊಲಿಗೆ ಕಲಿಯಲು ಹೋಗಬೇಡಿ. ಬೇರೆ ಕೆಲವು ಹೊಲಿಗೆಗಳನ್ನು ಬಟ್ಟೆಯನ್ನು ಕೈಯಲ್ಲೇ ಹಿಡಿದು ಹಾಕಬಹುದು, ಇದಕ್ಕೆ ಬಿಗಿಯಾದ ನೆಲ ಬೇಕೇ ಬೇಕು. 5 ಅಥವಾ 6 ಇಂಚಿನ ಮರದ ರಿಂಗ್ ಸಾಕು. ಒಳ ರಿಂಗಿಗೆ ತೆಳುವಾದ ಹತ್ತಿ ಪಟ್ಟಿ ಸುತ್ತಿದರೆ ಬಟ್ಟೆ ಜಾರುವುದಿಲ್ಲ. ಬಟ್ಟೆಯನ್ನು ಹಾಸು ಹೊಕ್ಕಿನ ನೇರಕ್ಕೆ ಎಳೆದು, ಬೆರಳಿನಿಂದ ತಟ್ಟಿದರೆ ಸದ್ದು ಬರುವಷ್ಟು ಬಿಗಿ ಮಾಡಿ. ಓರೆಯಾಗಿ ಎಳೆದರೆ ನೇಯ್ಗೆ ಸೊಟ್ಟಗಾಗುತ್ತದೆ.

ರಿಂಗನ್ನು ಎಲ್ಲಿ ಇಡುತ್ತೀರಿ ಎನ್ನುವುದು ಇನ್ನೂ ಮುಖ್ಯ. ಒಂದು ಕೈ ರಿಂಗನ್ನು ಹಿಡಿದುಕೊಂಡರೆ ದಾರ ಹಿಡಿಯುವವರು ಯಾರು? ರಿಂಗಿನ ಒಂದು ಅಂಚನ್ನು ಮೇಜಿನ ತುದಿಗೆ ಆನಿಸಿ, ಇನ್ನೊಂದು ಅಂಚು ನಿಮ್ಮ ಮಡಿಲಿಗೋ ಹೊಟ್ಟೆಗೋ ತಾಗುವಂತೆ ಕುಳಿತುಕೊಳ್ಳಿ. ಮೇಜಿನ ಮೇಲಿನ ಅಂಚಿನ ಮೇಲೆ ಭಾರವಾದ ಪುಸ್ತಕ ಇಟ್ಟರೆ ಅದು ಅಲುಗಾಡುವುದಿಲ್ಲ. ತೊಡೆಯ ಮೇಲೆ ದಿಂಬಿಟ್ಟುಕೊಂಡೂ ಮಾಡಬಹುದು. ಸ್ಟ್ಯಾಂಡ್ ಇದ್ದರಂತೂ ಬಹಳ ಸುಖ. ಹೇಗಾದರೂ ಸರಿ, ಎರಡೂ ಕೈ ಬಿಡುವಾಗಿರಬೇಕು.

ದಾರ ಶುರು ಮಾಡುವುದು

ಬಟ್ಟೆಯ ಹಿಂಬದಿ ದಾರದ ತುದಿಗೆ ದೊಡ್ಡ ಗಂಟು ಹಾಕಿ ಶುರು ಮಾಡುವುದು ಎಲ್ಲರಿಗೂ ಅಭ್ಯಾಸ. ತಪ್ಪೇನಿಲ್ಲ, ಆದರೆ ಜಾಳು ಬಟ್ಟೆಯಲ್ಲಿ ಅದು ಮುಂದಕ್ಕೆ ಜಾರಿ ಬರುತ್ತದೆ, ಚಿತ್ರವನ್ನು ಫ್ರೇಮ್ ಹಾಕಿಸುವಾಗ ಉಬ್ಬಿ ಕಾಣುತ್ತದೆ. ಇದಕ್ಕಿಂತ ಒಳ್ಳೆಯ ದಾರಿ ಇದೆ. ಗಂಟು ಬರಬೇಕಾದ ಜಾಗದಲ್ಲೇ, ಅದರ ಕೆಳಗೆ ಮರೆಯಾಗುವಂತೆ, ಒಂದರ ಮೇಲೊಂದು ಎರಡು ಅತಿ ಚಿಕ್ಕ ಹೊಲಿಗೆ ಹಾಕಿ. ಒಂದೆರಡು ಎಳೆ ಬಟ್ಟೆಯನ್ನಷ್ಟೇ ಕಚ್ಚಿದರೆ ಸಾಕು. ದಾರವನ್ನು ಮೆಲ್ಲಗೆ ಎಳೆದು ನೋಡಿ, ಅಲ್ಲಾಡದಿದ್ದರೆ ಭದ್ರವಾಗಿದೆ ಎಂದರ್ಥ. ಮೊದಲ ಫ್ರೆಂಚ್ ನಾಟ್ ಅದರ ಮೇಲೆಯೇ ಕೂತು ಅದನ್ನು ಮುಚ್ಚಿಬಿಡುತ್ತದೆ.

ಎರಡು ಎಳೆಯಲ್ಲಿ ಹೊಲಿಯುವಾಗ ಇನ್ನೊಂದು ಸೊಗಸಾದ ಉಪಾಯ ಉಂಟು. 90 ಸೆಂಟಿಮೀಟರಿನ ಒಂದೇ ಎಳೆಯನ್ನು ನಡುವೆ ಮಡಚಿ, ಎರಡು ಬಿಡಿ ತುದಿಗಳನ್ನು ಒಟ್ಟಿಗೆ ಸೂಜಿಗೆ ಪೋಣಿಸಿ. ಆ ಕಡೆ ಕುಣಿಕೆ ಉಳಿಯುತ್ತದೆ. ಹಿಂಬದಿಯಿಂದ ಪುಟ್ಟದೊಂದು ಹೊಲಿಗೆ ಹಾಕಿ ಸೂಜಿಯನ್ನು ಆ ಕುಣಿಕೆಯೊಳಗೆ ತೂರಿಸಿ ಎಳೆದರೆ ದಾರ ಅಲ್ಲೇ ಬಿಗಿದುಕೊಳ್ಳುತ್ತದೆ.

ಗಂಟು ಹಾಕುವ ಕ್ರಮ

ಇಲ್ಲಿ ಬಲಗೈಯಲ್ಲಿ ಸೂಜಿ ಹಿಡಿಯುವವರಿಗೆ ಹೇಳುತ್ತಿದ್ದೇನೆ. ಎಡಗೈಯವರು ಎಡ ಬಲವನ್ನು ಅದಲುಬದಲು ಮಾಡಿಕೊಂಡರೆ ಆಯಿತು, ಬೇರೇನೂ ವ್ಯತ್ಯಾಸವಿಲ್ಲ. ಎರಡು ಎಳೆ ದಾರ, ಎರಡು ಸುತ್ತು, ಈ ಲೆಕ್ಕದಲ್ಲಿ ಶುರು ಮಾಡಿ.

1. ಪೆನ್ಸಿಲಿನಿಂದ ಬಟ್ಟೆಯ ಮೇಲೆ ಒಂದು ಚುಕ್ಕೆ ಇಡಿ. ಸೂಜಿಯನ್ನು ಕೆಳಗಿನಿಂದ ಆ ಚುಕ್ಕೆಯಲ್ಲಿ ಮೇಲಕ್ಕೆ ತಂದು ದಾರವನ್ನು ಪೂರ್ತಿ ಎಳೆದುಕೊಳ್ಳಿ. ಕೆಳಗೆ ಸಡಿಲ ಉಳಿಯಬಾರದು.

2. ಬಟ್ಟೆಯಿಂದ 3-4 ಸೆಂಟಿಮೀಟರ್ ದೂರದಲ್ಲಿ ದಾರವನ್ನು ಎಡಗೈ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿಯಿರಿ. ದಾರ ಬಟ್ಟೆಯಿಂದ ನಿಮ್ಮ ಬೆರಳಿನವರೆಗೆ ನೆಟ್ಟಗಿರಲಿ. ಇನ್ನು ಮುಂದೆ ಗಂಟು ಮುಗಿಯುವವರೆಗೂ ಈ ಬೆರಳುಗಳು ದಾರ ಬಿಡುವಂತಿಲ್ಲ.

3. ಬಲಗೈಯಲ್ಲಿ ಸೂಜಿಯನ್ನು ಆ ನೆಟ್ಟಗಿನ ದಾರದ ಮೇಲೆ ಅಡ್ಡಲಾಗಿ ಇಡಿ. ಮೊನೆ ಸದ್ಯಕ್ಕೆ ಬಟ್ಟೆಯ ಕಡೆಗೆ ಬೇಡ, ಆಚೆ ಮುಖ ಮಾಡಿರಲಿ.

4. ಎಡಗೈಯಿಂದ ದಾರವನ್ನು ಸೂಜಿಯ ಮೇಲೆ ಎರಡು ಸುತ್ತು ಸುತ್ತಿ. ಸುತ್ತಬೇಕಾದ್ದು ದಾರ, ತಿರುಗಬೇಕಾದ್ದು ಎಡಗೈ. ಸೂಜಿ ಇದ್ದಲ್ಲೇ ಇರಲಿ. ಸೂಜಿಯನ್ನು ದಾರದ ಸುತ್ತ ತಿರುಗಿಸಲು ಹೋದರೆ ಹಿಡಿತ ತಪ್ಪುತ್ತದೆ. ಸುತ್ತುಗಳು ಒಂದರ ಪಕ್ಕ ಒಂದು ಇರಬೇಕು, ಒಂದರ ಮೇಲೊಂದು ಏರಬಾರದು.

5. ದಾರ ಬಿಗಿಹಿಡಿದುಕೊಂಡೇ ಸೂಜಿಯ ಮೊನೆಯನ್ನು ಬಟ್ಟೆಯತ್ತ ತಿರುಗಿಸಿ. ದಾರ ಹೊರಬಂದ ತೂತಿನೊಳಗೇ ಚುಚ್ಚಬೇಡಿ, ಅದರಿಂದ ಬಟ್ಟೆಯ ಒಂದು ಅಥವಾ ಎರಡು ಎಳೆ ಆಚೆಗೆ ಚುಚ್ಚಿ. ಸೂಜಿ ಅರ್ಧ ಮಾತ್ರ ಇಳಿಯಲಿ, ನೆಟ್ಟಗೆ ನಿಲ್ಲಲಿ.

6. ಇಲ್ಲಿ ಒಂದು ಕ್ಷಣ ನಿಲ್ಲಿ. ಎಡಗೈಯಿಂದ ದಾರವನ್ನು ಮೆಲ್ಲಗೆ ಎಳೆದರೆ ಸುತ್ತುಗಳು ಸೂಜಿಯ ಮೇಲಿಂದ ಕೆಳಗೆ ಜಾರಿ ಬಟ್ಟೆಯ ಮೇಲೆ ಕೂರುತ್ತವೆ. ಸುತ್ತು ಸೂಜಿಯನ್ನು ಅಪ್ಪಿಕೊಂಡಿರಬೇಕು, ಆದರೆ ಹಿಸುಕಬಾರದು. ಸೂಜಿಯನ್ನು ತುಸು ಮೇಲೆ ಕೆಳಗೆ ಆಡಿಸಿದರೆ ಅದು ಸರಾಗವಾಗಿ ಚಲಿಸಬೇಕು.

7. ಬಲಗೈಯನ್ನು ರಿಂಗಿನ ಕೆಳಗೆ ಒಯ್ದು ಸೂಜಿಯನ್ನು ನೇರ ಕೆಳಕ್ಕೆ ಎಳೆಯಿರಿ. ಮೇಲಿನ ದಾರ ಕಡಿಮೆಯಾಗುತ್ತ ಹೋದಂತೆ ಎಡಗೈಯೂ ಅದರ ಜೊತೆಗೇ ಬಟ್ಟೆಯ ಹತ್ತಿರಕ್ಕೆ ಇಳಿದು ಬರಲಿ, ಬಿಗಿ ಮಾತ್ರ ತಪ್ಪದಿರಲಿ. ಕುಣಿಕೆ ಇನ್ನೇನು ಬೆರಳ ತುದಿಯಷ್ಟು ಉಳಿಯಿತು ಎನ್ನುವಾಗ ದಾರ ಬಿಡಿ. ಗಂಟು ತಾನಾಗಿ ಕೂರುತ್ತದೆ.

ಆರನೆಯ ಹಂತವನ್ನು ಹಾರಿಸುವವರೇ ಹೆಚ್ಚು. ಸೂಜಿ ಚುಚ್ಚಿದ ಕೂಡಲೇ ಎಳೆದುಬಿಡುವ ಆತುರ ಸಹಜ. ಆಗ ಸುತ್ತುಗಳು ಬಟ್ಟೆಯಿಂದ ಮೇಲೆ ಸೂಜಿಯ ನಡುವಿನಲ್ಲೆಲ್ಲೋ ಇರುತ್ತವೆ, ಎಳೆಯುತ್ತಿದ್ದಂತೆ ಗಂಟು ಗಾಳಿಯಲ್ಲೇ ಕಟ್ಟಿಕೊಳ್ಳುತ್ತದೆ. ಗಂಟಿನ ಕೆಳಗೆ ದಾರದ ಕಾಲೊಂದು ಉಳಿದು ಅದು ಅತ್ತಿತ್ತ ಓಲಾಡುತ್ತದೆ. ಸುತ್ತು ಮೊದಲು ಬಟ್ಟೆಗೆ ತಾಗಬೇಕು, ಆಮೇಲೆ ಸೂಜಿ ಇಳಿಯಬೇಕು. ಈ ಕ್ರಮ ಒಮ್ಮೆ ಕೈಗೆ ಹತ್ತಿದರೆ ಮುಂದಿನದೆಲ್ಲ ಸಲೀಸು.

ದಾರವನ್ನು ಯಾವ ದಿಕ್ಕಿಗೆ ಸುತ್ತಬೇಕು ಎಂದು ಕೇಳುವವರಿದ್ದಾರೆ. ನಿಮ್ಮ ಕೈಗೆ ಸುಲಭವೆನಿಸುವ ದಿಕ್ಕಿಗೆ ಸುತ್ತಿ, ಆದರೆ ಒಂದು ಕೆಲಸ ಮುಗಿಯುವವರೆಗೂ ಅದೇ ದಿಕ್ಕು ಇರಲಿ. ದಾರಕ್ಕೆ ಮೊದಲೇ ಒಂದು ಹುರಿ ಇರುತ್ತದೆ. ಒಂದು ದಿಕ್ಕಿನ ಸುತ್ತು ಆ ಹುರಿಯನ್ನು ಬಿಗಿ ಮಾಡುತ್ತದೆ, ಇನ್ನೊಂದು ಬಿಚ್ಚುತ್ತದೆ. ಹಾಗಾಗಿ ದಿಕ್ಕು ಬದಲಾದರೆ ಪಕ್ಕಪಕ್ಕದ ಗಂಟುಗಳೇ ಬೇರೆ ಬೇರೆ ಥರ ಕಾಣುತ್ತವೆ. ನಾಲ್ಕೈದು ಗಂಟಿಗೊಮ್ಮೆ ಸೂಜಿಯನ್ನು ಕೈಬಿಟ್ಟು ದಾರದಲ್ಲಿ ನೇತಾಡಲು ಬಿಡಿ. ಕೂಡಿಕೊಂಡ ಹುರಿ ತಾನೇ ತಿರುಗಿ ಬಿಡಿಸಿಕೊಳ್ಳುತ್ತದೆ.

ಗಂಟು ಸರಿ ಬರದಿದ್ದಾಗ

ಗಂಟು ಹಿಂಬದಿಗೆ ಜಾರಿ ಹೋಯಿತೇ? ದಾರ ಬಂದ ತೂತಿನಲ್ಲೇ ಸೂಜಿ ಇಳಿಸಿದ್ದೀರಿ. ಗಂಟನ್ನು ಮೇಲೆ ತಡೆದು ನಿಲ್ಲಿಸುವುದು ಎರಡು ತೂತುಗಳ ನಡುವಿನ ಆ ಒಂದೆರಡು ಎಳೆ ಬಟ್ಟೆ. ಅದು ಇಲ್ಲದಿದ್ದರೆ ಗಂಟಿಗೆ ಹಿಡಿದುಕೊಳ್ಳಲು ಏನೂ ಇಲ್ಲ. ತೂತು ಬೇರೆಯಾಗಿದ್ದೂ ಜಾರುತ್ತಿದ್ದರೆ ಸೂಜಿ ದಾರಕ್ಕೆ ಹೋಲಿಸಿದರೆ ದಪ್ಪವಾಯಿತು ಅಥವಾ ಬಟ್ಟೆ ಜಾಳಾಯಿತು. ಹಾಗೆಂದು ಎರಡು ತೂತುಗಳ ನಡುವೆ ಬಹಳ ಅಂತರ ಬಿಟ್ಟರೂ ಆಗದು, ಗಂಟಿನ ಪಕ್ಕ ಒಂದು ಗೆರೆ ಇಣುಕುತ್ತದೆ.

ಗಂಟು ಸಡಿಲವಾಗಿ, ಅದರ ಪಕ್ಕದಲ್ಲಿ ಕುಣಿಕೆಯೊಂದು ಎದ್ದು ನಿಂತಿದ್ದರೆ ಎಡಗೈ ಬೇಗ ದಾರ ಬಿಟ್ಟಿದೆ. ಸೂಜಿ ಕೆಳಗೆ ಇಳಿಯುವಾಗ ಮೇಲಿನ ದಾರ ಸಡಿಲವಾದರೆ ಸುತ್ತುಗಳು ಬಿಚ್ಚಿಕೊಂಡು ಒಂದೊಂದು ಒಂದೊಂದು ಅಳತೆಯಲ್ಲಿ ಕೂರುತ್ತವೆ. ಇದಕ್ಕೆ ಮದ್ದು ಒಂದೇ, ಕೊನೆಯ ತನಕ ಹಿಡಿದುಕೊಳ್ಳುವುದು.

ಸೂಜಿಯೇ ಹೊರಬರದೆ ಸಿಕ್ಕಿಕೊಂಡಿದ್ದರೆ ಸುತ್ತು ಬಿಗಿಯಾಯಿತು. ಬಲ ಹಾಕಿ ಎಳೆಯಬೇಡಿ, ದಾರ ಕಿತ್ತುಹೋಗುತ್ತದೆ ಇಲ್ಲವೇ ಬಟ್ಟೆ ಸುಕ್ಕುಗಟ್ಟುತ್ತದೆ. ಸೂಜಿಯನ್ನು ಹಿಂದಕ್ಕೆ ಮೇಲೆತ್ತಿ ಸುತ್ತು ಬಿಚ್ಚಿ ಮತ್ತೆ ಸುತ್ತಿ. ಗಂಟು ಪೂರ್ತಿ ಬಿಗಿಯುವ ಮೊದಲು ಎಷ್ಟು ಸಲ ಬೇಕಾದರೂ ಹೀಗೆ ಹಿಂದೆ ಹೋಗಬಹುದು.

ಬಿಗಿದ ಮೇಲೆ ಮಾತ್ರ ಬಿಡಿಸಲು ಹೆಣಗುವುದು ವ್ಯರ್ಥ. ಸೂಜಿಯ ಮೊನೆಯಿಂದ ಕೆದಕಿದಷ್ಟೂ ಬಟ್ಟೆಯ ಎಳೆ ಹಾಳಾಗುತ್ತದೆ. ಒಂದೇ ಗಂಟು ಕೆಟ್ಟಿದ್ದರೆ ಮುಂಬದಿಯಿಂದ ಮೊನಚು ತುದಿಯ ಪುಟ್ಟ ಕತ್ತರಿಯಲ್ಲಿ ಅದನ್ನು ಕತ್ತರಿಸಿ, ಹಿಂಬದಿಯಲ್ಲಿ ಅದರ ಎರಡೂ ಕಡೆಯ ದಾರವನ್ನು ಪಕ್ಕದ ಹೊಲಿಗೆಗಳ ಕೆಳಗೆ ತೂರಿಸಿ ಭದ್ರ ಮಾಡಿ. ಆಮೇಲೆ ಹೊಸ ದಾರದಿಂದ ಆ ಜಾಗ ತುಂಬಿ. ಒತ್ತಾಗಿ ತುಂಬಿದ ಕಡೆ ಒಂದೆರಡು ಸೊಟ್ಟ ಗಂಟು ಇದ್ದರೆ ಕತ್ತರಿಸುವ ಗೋಜೇ ಬೇಡ, ಅವು ಅಕ್ಕಪಕ್ಕದವುಗಳ ನಡುವೆ ಚೆನ್ನಾಗಿಯೇ ಹೊಂದಿಕೊಳ್ಳುತ್ತವೆ.

ಗಂಟಿನ ಗಾತ್ರ

ದೊಡ್ಡ ಗಂಟು ಬೇಕೆಂದು ನಾಲ್ಕು, ಐದು, ಆರು ಸುತ್ತು ಸುತ್ತುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಅದು ಸರಿಯಾದ ದಾರಿಯಲ್ಲ. ಸುತ್ತು ಮೂರನ್ನು ದಾಟಿದರೆ ಗಂಟು ದುಂಡಗಾಗುವ ಬದಲು ಎತ್ತರಕ್ಕೆ ಬೆಳೆಯುತ್ತದೆ, ಆಮೇಲೆ ಒಂದು ಪಕ್ಕಕ್ಕೆ ವಾಲುತ್ತದೆ. ಗಾತ್ರ ಹೆಚ್ಚಿಸಬೇಕಾದ್ದು ಎಳೆಗಳಿಂದ. ಎರಡೆಳೆ ಎರಡು ಸುತ್ತಿನ ಗಂಟಿಗಿಂತ ಆರೆಳೆ ಒಂದು ಸುತ್ತಿನ ಗಂಟು ದಪ್ಪವೂ ಹೌದು, ನೋಡಲು ಅಚ್ಚುಕಟ್ಟೂ ಹೌದು. ಒಂದೇ ಸುತ್ತಿನ ಗಂಟು ಎಲ್ಲಕ್ಕಿಂತ ದುಂಡಗೆ ಕೂರುತ್ತದೆ, ಭದ್ರವಾಗಿಯೂ ಇರುತ್ತದೆ. ಎಂಥ ಕೆಲಸಕ್ಕೂ ಎರಡು ಸುತ್ತು ದಾಟಬೇಡಿ ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ.

ಇದನ್ನು ಕಣ್ಣಾರೆ ನೋಡಲು ಒಂದು ಮಾದರಿ ಬಟ್ಟೆ ಮಾಡಿಟ್ಟುಕೊಳ್ಳಿ. ಅರ್ಧ ಸೆಂಟಿಮೀಟರಿಗೊಂದರಂತೆ ಚುಕ್ಕೆಗಳ ಸಾಲು ಬರೆಯಿರಿ. ಮೊದಲ ಸಾಲು ಒಂದೆಳೆ, ಎರಡನೆಯದು ಎರಡೆಳೆ, ಮೂರನೆಯದು ಮೂರೆಳೆ, ಕೊನೆಯದು ಆರೆಳೆ. ಪ್ರತಿ ಸಾಲಿನಲ್ಲೂ ಅರ್ಧ ಒಂದು ಸುತ್ತಿನವು, ಅರ್ಧ ಎರಡು ಸುತ್ತಿನವು. ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದಿಟ್ಟರೆ ಮುಂದೆ ಯಾವ ಚಿತ್ರಕ್ಕೆ ಎಂಥ ಗಂಟು ಬೇಕು ಎಂದು ಊಹಿಸುತ್ತ ಕೂರಬೇಕಾಗಿಲ್ಲ. ಕೈ ಪಳಗುವುದೂ ಈ ಸಾಲುಗಳಲ್ಲೇ. ಕೊನೆಯ ಸಾಲಿನ ಗಂಟುಗಳು ಮೊದಲ ಸಾಲಿನವಕ್ಕಿಂತ ಒಂದೇ ಸಮನಾಗಿ ಬಂದಿರುವುದು ನಿಮಗೇ ಕಾಣುತ್ತದೆ.

ಹುರಿ ಬಿಡಿಸಲಾಗದ ಪರ್ಲ್ ಕಾಟನ್ ದಾರವೂ ಈ ಹೊಲಿಗೆಗೆ ಬಹಳ ಚೆನ್ನ. 8 ನಂಬರಿನದು ಮಧ್ಯಮ, 5 ನಂಬರಿನದು ದಪ್ಪ, 12 ಸಣ್ಣ. ಹುರಿಯ ಗೆರೆಗಳು ಗಂಟಿನ ಮೇಲೆ ಎದ್ದು ಕಾಣುವುದರಿಂದ ಒಂದೊಂದು ಗಂಟೂ ಬಿಡಿಬಿಡಿಯಾಗಿ ಮಿನುಗುತ್ತದೆ. ಉಣ್ಣೆ ದಾರದ ಗಂಟು ಇದಕ್ಕೆ ತದ್ವಿರುದ್ಧ, ಅಂಚು ಮಸುಕಾಗಿ ಮೆತ್ತಗಿರುತ್ತದೆ. ಹೊಳಪಿನ ರೇಯಾನ್ ದಾರವನ್ನು ಮಾತ್ರ ಕೈ ಕುದುರಿದ ಮೇಲೆ ಮುಟ್ಟಿ, ಅದು ಸುತ್ತಿದಲ್ಲಿ ನಿಲ್ಲುವುದಿಲ್ಲ.

ಜಾಗ ತುಂಬುವುದು

ಒಂದು ಗಂಟು ಬಂದಮೇಲೆ ನಿಜವಾದ ಸಂತೋಷ ಶುರುವಾಗುವುದು ಇಲ್ಲಿ. ಬಟ್ಟೆಗೆ ಮೈ ಕೊಡುವ ಕೆಲಸದಲ್ಲಿ ಗಂಟಿಗಿಂತ ಗಂಟುಗಳ ನಡುವಿನ ಅಂತರವೇ ಹೆಚ್ಚು ಮಾತಾಡುತ್ತದೆ.

ಚಿತ್ರದ ಅಂಚಿನಿಂದ ಆರಂಭಿಸಿ. ಅಂಚಿನುದ್ದಕ್ಕೂ ಒಂದು ಸಾಲು ಗಂಟುಗಳನ್ನು ಒತ್ತಾಗಿ ಹಾಕಿದರೆ ಆಕಾರ ಸ್ಪಷ್ಟವಾಗುತ್ತದೆ. ನಡುವಿನಿಂದ ತುಂಬುತ್ತ ಅಂಚಿಗೆ ಬಂದರೆ ಕೊನೆಯಲ್ಲಿ ಅರ್ಧ ಗಂಟಿನಷ್ಟು ಜಾಗ ಉಳಿಯುತ್ತದೆ, ಅಲ್ಲಿ ಗಂಟು ಹಿಡಿಯುವುದೂ ಇಲ್ಲ, ಬಿಡಲೂ ಆಗುವುದಿಲ್ಲ. ಅಂಚು ಮುಗಿದ ಮೇಲೆ ಒಳಗಡೆ ಸಾಲುಸಾಲಾಗಿ ಹೋಗಬೇಡಿ. ಸಾಲು ಹಿಡಿದರೆ ಕಣ್ಣು ಸಾಲನ್ನೇ ನೋಡುತ್ತದೆ, ಉಣ್ಣೆಯನ್ನಾಗಲಿ ಎಲೆಗಳನ್ನಾಗಲಿ ನೋಡುವುದಿಲ್ಲ. ಮೊದಲು ಅಲ್ಲೊಂದು ಇಲ್ಲೊಂದು ಗಂಟು ಚೆಲ್ಲಿ, ಆಮೇಲೆ ಅವುಗಳ ನಡುವಿನ ಸಂದುಗಳನ್ನು ತುಂಬುತ್ತ ಬನ್ನಿ. ಸೂಜಿ ಮರಳಿ ಚುಚ್ಚುವ ದಿಕ್ಕನ್ನೂ ಬದಲಿಸುತ್ತಿದ್ದರೆ ಗಂಟುಗಳು ಬೇರೆ ಬೇರೆ ಕಡೆಗೆ ತುಸು ವಾಲಿ ಸಹಜವಾಗಿ ಕಾಣುತ್ತವೆ.

ಎಷ್ಟೇ ಒತ್ತಾಗಿ ತುಂಬಿದರೂ ಗಂಟುಗಳ ನಡುವೆ ಬಟ್ಟೆ ಇಣುಕುವುದುಂಟು. ಬಿಳಿ ಬಟ್ಟೆಯ ಮೇಲೆ ಕಡು ಹಸಿರಿನ ಮರ ಮಾಡುವಾಗ ಇದು ಬಹಳ ಕಣ್ಣಿಗೆ ಹೊಡೆಯುತ್ತದೆ. ಗಂಟು ಹಾಕುವ ಮುನ್ನ ಆ ಜಾಗಕ್ಕೆ ಅದೇ ಬಣ್ಣದ ಬಟ್ಟೆ ಬಣ್ಣವನ್ನು ತೆಳ್ಳಗೆ ಹಚ್ಚಿ ಒಣಗಿಸಿಕೊಳ್ಳಬಹುದು. ಇಲ್ಲವೇ ಅದೇ ಬಣ್ಣದ ಒಂದೆಳೆ ದಾರದಲ್ಲಿ ಸೀಡ್ ಸ್ಟಿಚ್, ಅಂದರೆ ದಿಕ್ಕು ದೆಸೆಯಿಲ್ಲದ ಚಿಕ್ಕ ಚಿಕ್ಕ ನೇರ ಹೊಲಿಗೆಗಳನ್ನು, ಮೊದಲೇ ಹರಡಿಕೊಳ್ಳಬಹುದು. ನನಗೆ ಎರಡನೆಯದೇ ಇಷ್ಟ. ಗಂಟುಗಳ ಸಂದಿನಲ್ಲಿ ಬಣ್ಣದ ಬದಲು ದಾರವೇ ಕಂಡಾಗ ಕೆಲಸಕ್ಕೆ ಒಂದು ಆಳ ಬರುತ್ತದೆ.

ಆಳ ತರಲು ಇನ್ನೂ ಎರಡು ದಾರಿಗಳಿವೆ. ಒಂದು, ಗಾತ್ರ ಬೆರೆಸುವುದು. ನೆರಳಿರಬೇಕಾದ ಕಡೆ ಒಂದೆಳೆಯ ಸಣ್ಣ ಗಂಟು, ಬೆಳಕು ಬೀಳುವ ಕಡೆ ಮೂರು ನಾಲ್ಕು ಎಳೆಯ ದಪ್ಪ ಗಂಟು ಹಾಕಿದರೆ ಚಪ್ಪಟೆ ಬಟ್ಟೆಯ ಮೇಲೆ ದುಂಡನೆಯ ಮರ ಎದ್ದು ನಿಲ್ಲುತ್ತದೆ. ಇನ್ನೊಂದು, ಬಣ್ಣ ಬೆರೆಸುವುದು. ಕಡು ಹಸಿರಿನ ಒಂದೆಳೆ, ತಿಳಿ ಹಸಿರಿನ ಒಂದೆಳೆ ಎರಡನ್ನೂ ಒಂದೇ ಸೂಜಿಗೆ ಪೋಣಿಸಿ. ಪ್ರತಿ ಗಂಟಿನಲ್ಲೂ ಯಾವ ಎಳೆ ಮೇಲೆ ಬರುತ್ತದೋ ಆ ಬಣ್ಣ ಮುಂದಾಗುತ್ತದೆ, ಹಾಗಾಗಿ ಯಾವ ಎರಡು ಗಂಟೂ ಒಂದೇ ಥರ ಇರುವುದಿಲ್ಲ. ಕಡು ಬಣ್ಣದ ಎರಡೆಳೆಯಿಂದ ಹೊರಟು, ನಡುವೆ ಕಡು ಮತ್ತು ತಿಳಿ ಸೇರಿಸಿ, ಕೊನೆಗೆ ತಿಳಿಯದೇ ಎರಡೆಳೆಗೆ ಬಂದರೆ ಬಣ್ಣ ಎಲ್ಲಿ ಬದಲಾಯಿತೆಂದೇ ತಿಳಿಯುವುದಿಲ್ಲ.

ಎಲ್ಲ ಕಡೆಯೂ ಒತ್ತಾಗಿ ತುಂಬಲೇಬೇಕೆಂದೂ ಇಲ್ಲ. ಒಂದು ಮೂಲೆಯಲ್ಲಿ ಕಿಕ್ಕಿರಿದ ಗಂಟುಗಳು ದೂರ ಹೋದಂತೆ ವಿರಳವಾಗುತ್ತ ಕೊನೆಗೆ ಒಂಟಿ ಗಂಟಾಗಿ ಬಟ್ಟೆಯಲ್ಲಿ ಕರಗುವಂತೆ ಮಾಡಿ ನೋಡಿ. ಹೂವಿನ ಎಸಳುಗಳಿಗೆ ನಡುವಿನಿಂದ ಹೊರಗೆ, ಮರಳಿನ ದಡಕ್ಕೆ ನೀರಿನ ಅಂಚಿನಿಂದ ಆಚೆಗೆ ಹೀಗೆ ಬಿಡಿಸಿದರೆ ಬಹಳ ಸೊಗಸು.

ಒಂದು ಗಂಟಿನಿಂದ ಇನ್ನೊಂದಕ್ಕೆ ಹೋಗುವಾಗ ದಾರ ಹಿಂಬದಿಯಲ್ಲಿ ಸಾಗುತ್ತದೆ. ಅಂತರ ಒಂದು ಸೆಂಟಿಮೀಟರ್ ದಾಟಿದರೆ ಅಲ್ಲೇ ಮುಗಿಸಿ ಹೊಸದಾಗಿ ಶುರು ಮಾಡುವುದು ಲೇಸು, ಅಥವಾ ನಡುವೆ ಇರುವ ಬೇರೆ ಹೊಲಿಗೆಗಳ ಹಿಂಬದಿಯಲ್ಲಿ ದಾರ ತೂರಿಸಿಕೊಂಡು ಹೋಗಿ. ಉದ್ದ ದಾರ ಹಿಂದೆ ಬಿಟ್ಟರೆ ಬಟ್ಟೆಯನ್ನು ಎಳೆದು ಸುಕ್ಕು ಮಾಡುತ್ತದೆ, ಕಡು ಬಣ್ಣವಾದರೆ ಮುಂದಿನಿಂದಲೂ ಕಾಣುತ್ತದೆ. ಬಿಡಿಬಿಡಿ ಗಂಟುಗಳಿರುವ ಕಡೆ ಪ್ರತಿ ಗಂಟಿನ ನಂತರವೂ ಹಿಂಬದಿಯಲ್ಲಿ ಬಟ್ಟೆಯ ಒಂದೆಳೆ ಹಿಡಿದು ಪುಟ್ಟ ಹೊಲಿಗೆ ಹಾಕಿ ಮುಂದೆ ಸಾಗಿ. ಹಾಗೆ ಮಾಡಿದರೆ ಮುಂದಿನ ಗಂಟು ಎಳೆಯುವಾಗ ಹಿಂದಿನದು ಒಳಗೆ ಜಾರುವುದಿಲ್ಲ.

ಇದರ ಒಡಹುಟ್ಟಿದ ಹೊಲಿಗೆಗಳು

ಫ್ರೆಂಚ್ ನಾಟ್ ಬಂದವರಿಗೆ ಪಿಸ್ಟಿಲ್ ಸ್ಟಿಚ್ ಬಂದಂತೆಯೇ. ಐದನೆಯ ಹಂತದಲ್ಲಿ ಒಂದೆರಡು ಎಳೆ ಆಚೆ ಚುಚ್ಚುವ ಬದಲು ಅರ್ಧ ಅಥವಾ ಒಂದು ಸೆಂಟಿಮೀಟರ್ ಆಚೆ ಚುಚ್ಚಿ. ಗಂಟಿಗೆ ಉದ್ದನೆಯ ಕಾಲು ಬರುತ್ತದೆ, ಹೂವಿನ ಕೇಸರದ ದಂಟು ತಯಾರು. ಕಾಲು ನೆಟ್ಟಗೆ ಬರಲು ಎಡಗೈಯ ಬಿಗಿ ಇಲ್ಲಿ ಇನ್ನೂ ಹೆಚ್ಚು ಬೇಕು.

ಕಲೋನಿಯಲ್ ನಾಟ್‌ನಲ್ಲಿ ದಾರವನ್ನು ಒಂದೇ ದಿಕ್ಕಿಗೆ ಸುತ್ತದೆ ಸೂಜಿಯ ಮೇಲೆ ಇಂಗ್ಲಿಷಿನ 8ರ ಆಕಾರದಲ್ಲಿ ಹಾಯಿಸುತ್ತಾರೆ. ಗಂಟು ಸ್ವಲ್ಪ ಎತ್ತರವಾಗಿ, ನಡುವೆ ಪುಟ್ಟ ಕುಳಿಯೊಂದಿಗೆ ಬರುತ್ತದೆ, ಬಿಚ್ಚಿಕೊಳ್ಳುವುದು ಕಡಿಮೆ. ಅಮೆರಿಕದ ಕ್ಯಾಂಡಲ್‌ವಿಕಿಂಗ್ ಎಂಬ ಬಿಳಿಯ ಮೇಲೆ ಬಿಳಿ ಕಸೂತಿ ಬಹುಮಟ್ಟಿಗೆ ಈ ಗಂಟನ್ನೇ ನೆಚ್ಚಿಕೊಂಡಿದೆ. ಫ್ರೆಂಚ್ ನಾಟ್ ಎಷ್ಟು ಮಾಡಿದರೂ ಸಡಿಲವಾಗುತ್ತಿದೆ ಎನ್ನುವವರು ಇದನ್ನು ಮಾಡಿ ನೋಡಬಹುದು. ಚೀನಾದ ರೇಷ್ಮೆ ಕಸೂತಿಯಲ್ಲೂ ಇಂಥದೇ ಸಣ್ಣ ಗಂಟುಗಳನ್ನು ಒಂದಕ್ಕೊಂದು ತಾಗುವಂತೆ ಕೂರಿಸಿ ಇಡೀ ಹೂವನ್ನೇ ತುಂಬಿದ ಕೆಲಸಗಳಿವೆ. ಒಂದೇ ಅಳತೆಯ ಗಂಟುಗಳಿಂದ ಎಷ್ಟು ದೂರ ಹೋಗಬಹುದೆಂದು ತಿಳಿಯಲು ಅವುಗಳ ಚಿತ್ರಗಳನ್ನು ಹತ್ತಿರದಿಂದ ನೋಡಬೇಕು.

ಮುಗಿಸಿದ ಮೇಲೆ

ದಾರ ಮುಗಿಸುವಾಗ ಹಿಂಬದಿಯಲ್ಲಿ ಮೂರು ನಾಲ್ಕು ಹೊಲಿಗೆಗಳ ಕೆಳಗೆ ಸೂಜಿ ತೂರಿಸಿ, ಒಮ್ಮೆ ಹಿಂದಿರುಗಿಸಿ ಕತ್ತರಿಸಿ. ಉಡುಪಿನ ಮೇಲಿನ ಕಸೂತಿಯಾದರೆ ಇದರ ಜೊತೆಗೆ ಒಂದು ಪುಟ್ಟ ಗಂಟೂ ಇರಲಿ, ತೊಳೆಯುವಾಗ ಉಜ್ಜಾಟ ಹೆಚ್ಚು.

ರಿಂಗಿನ ವಿಚಾರದಲ್ಲಿ ಎಚ್ಚರ ಬೇಕು. ಮುಗಿದ ಗಂಟುಗಳ ಮೇಲೆ ರಿಂಗ್ ಒತ್ತಿದರೆ ಅವು ಚಪ್ಪಟೆಯಾಗುತ್ತವೆ. ಚಿತ್ರ ಪೂರ್ತಿ ಒಳಗೆ ಹಿಡಿಯುವಷ್ಟು ದೊಡ್ಡ ರಿಂಗ್ ತೆಗೆದುಕೊಳ್ಳಿ, ಅದು ಆಗದಿದ್ದರೆ ಗಂಟುಗಳ ಭಾಗವನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ. ಆ ದಿನದ ಹೊಲಿಗೆ ಮುಗಿದ ಕೂಡಲೇ ಬಟ್ಟೆಯನ್ನು ರಿಂಗಿನಿಂದ ತೆಗೆದಿಡಿ, ವಾರಗಟ್ಟಲೆ ಹಾಗೇ ಬಿಟ್ಟರೆ ಅದರ ಗುರುತು ಹೋಗುವುದು ಕಷ್ಟ.

ಚಿತ್ರ ಬರೆಯಲು ನೀರಿನಲ್ಲಿ ಅಳಿಯುವ ಪೆನ್ ಬಳಸಿದ್ದರೆ ಇಸ್ತ್ರಿಗೆ ಮೊದಲು ತಣ್ಣೀರಿನಲ್ಲಿ ಗೆರೆಗಳನ್ನು ಪೂರ್ತಿ ತೊಳೆದುಬಿಡಿ. ಬಿಸಿ ತಾಗಿದರೆ ಅವು ಬಟ್ಟೆಯಲ್ಲೇ ಉಳಿದುಬಿಡಬಹುದು. ಬಿಸಿಗೆ ಅಳಿಯುವ ಪೆನ್ನಿನದು ಇನ್ನೊಂದು ಕಥೆ, ಇಸ್ತ್ರಿಗೆ ಮಾಯವಾದ ಗೆರೆ ಬಹಳ ಚಳಿಯಲ್ಲಿ ಮತ್ತೆ ಮೂಡಬಹುದು. ಕೆಂಪು ಮತ್ತು ಕಡು ನೀಲಿ ದಾರಗಳು ಬಣ್ಣ ಬಿಡುತ್ತವೆಯೇ ಎಂದು ಹೊಲಿಯುವ ಮೊದಲೇ ಒದ್ದೆ ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಿಕೊಂಡಿರಬೇಕು. ತೊಳೆದ ಮೇಲೆ ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ನೀರು ಒತ್ತಿ ತೆಗೆದು ಹರಡಿ ಒಣಗಿಸಿ.

ಇಸ್ತ್ರಿ ಯಾವಾಗಲೂ ಹಿಂಬದಿಯಿಂದ. ದಪ್ಪ ಟವೆಲನ್ನು ಎರಡು ಮಡಿಕೆ ಹಾಸಿ, ಕಸೂತಿಯ ಮುಖ ಅದರ ಮೇಲೆ ಬರುವಂತೆ ಕವುಚಿ ಹಾಕಿ. ಗಂಟುಗಳು ಟವೆಲಿನ ಮೆತ್ತಗಿನ ಮೈಯೊಳಗೆ ಇಳಿಯುತ್ತವೆ, ಬಟ್ಟೆಯಷ್ಟೇ ಸಮತಟ್ಟಾಗುತ್ತದೆ. ಎಲ್ಲಾದರೂ ಗಂಟು ಒತ್ತಿಹೋಗಿದ್ದರೆ ಮುಂಬದಿಯಿಂದ ಇಸ್ತ್ರಿ ಪೆಟ್ಟಿಗೆಯ ಹಬೆಯನ್ನು ದೂರದಿಂದ ಹಾಯಿಸಿ, ಸೂಜಿಯ ಹಿಂತುದಿಯಿಂದ ಮೆಲ್ಲಗೆ ಎಬ್ಬಿಸಿ. ಫ್ರೇಮ್ ಹಾಕಿಸುವಾಗಲೂ ಗಾಜು ಗಂಟುಗಳಿಗೆ ತಾಗದಂತೆ ನಡುವೆ ದಪ್ಪ ರಟ್ಟಿನ ಅಂಚು ಇಡಲು ಹೇಳಿ, ಅಥವಾ ಗಾಜೇ ಇಲ್ಲದೆ ಹಾಕಿಸಿ.